ಬಿಟ್ಟು ನೋಡುವ ಪರೀಕ್ಷೆ

ಭುಜದ ಆಪರೇಷನ್ ಆದಮೇಲೆ ಪರದೆ ಅಂಗಡಿಯ ಯಜಮಾನ ತಾನೇ ಡಾಕ್ಟರಾಗಿಬಿಟ್ಟ. ಬಲಗೈಯನ್ನು ಒಂದು ದಪ್ಪ ದಿಂಬಿನ ಸಮೇತ ಹೊಟ್ಟೆಗೆ ಕಟ್ಟಿಸಿಕೊಂಡು, ಅಂಗಡಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಬಂದವರನ್ನೆಲ್ಲ ಹಿಡಿದು ಪರೀಕ್ಷೆ ಮಾಡುವುದೇ ಅವನ ಹೊಸ ಕಸುಬು. ಕಿಟಕಿಯ ಅಳತೆ ಹೇಳಲು ಬಂದವರು ಮೊದಲು ತೋಳು ಕೊಡಬೇಕು, ಆಮೇಲೆ ಅಳತೆ. ಪಕ್ಕದ ಬೀಗ ರಿಪೇರಿಯವನು, ಎದುರು ಮನೆಯ ರಿಟೈರಾದ ಮೇಷ್ಟ್ರು, ಕಾಗದ ತರುವ ಅಂಚೆಯವಳು, ಯಾರನ್ನೂ ಅವನು ಬಿಟ್ಟಿರಲಿಲ್ಲ.

"ಕೈ ಸಡಿಲ ಬಿಡಿ. ನೀವು ಎತ್ತಬೇಡಿ, ನಾನೇ ಎತ್ತೀನಿ," ಎನ್ನುತ್ತಿದ್ದ. ತನ್ನ ಎಡಗೈಯಿಂದ ಅವರ ಮಣಿಕಟ್ಟು ಹಿಡಿದು ಪಕ್ಕಕ್ಕೆ ಭುಜದ ಮಟ್ಟಕ್ಕೆ ತಂದು, "ಈಗ ನಾನು ಬಿಡ್ತೀನಿ. ನೀವು ನಿಧಾನಕ್ಕೆ ಇಳಿಸಿ," ಎಂದು ಕೈ ತೆಗೆಯುತ್ತಿದ್ದ. ತೋಳು ನಿಧಾನವಾಗಿ ಇಳಿದರೆ ಪಾಸು. "ಧೊಪ್ಪನೆ ಬಿತ್ತು ಅನ್ನಿ, ಒಳಗೆ ಹರಿದಿದೆ ಅಂತ ಲೆಕ್ಕ. ನಂದು ಹಾಗೇ ಬಿದ್ದಿದ್ದು. ಇನ್ನೊಂದು ಗುರುತು ಹೇಳ್ತೀನಿ ಕೇಳಿ. ಕೈ ಎತ್ತು ಅಂದ್ರೆ ಕೈಗಿಂತ ಮೊದಲು ಭುಜ ಕಿವಿಗೆ ಹೋಯ್ತಾ? ಅಲ್ಲಿ ಕಳ್ಳತನ ನಡೀತಿದೆ. ಹರಿದ ಭುಜದವರು ಹಾಗೇ ಕದ್ದು ಕದ್ದು ಎತ್ತೋದು."

ಯಾರ ತೋಳೂ ಬೀಳುತ್ತಿರಲಿಲ್ಲ. ಇಷ್ಟು ವಿದ್ಯೆ ಕಲಿತೂ ಒಬ್ಬ ರೋಗಿ ಸಿಗಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಕೊರಗು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಬೀಗದವನು ಅವನ ಎದುರಿಗೇ ಅಂದುಬಿಟ್ಟ. ಯಜಮಾನ ನಕ್ಕು, ಅವನ ಇನ್ನೊಂದು ತೋಳನ್ನೂ ಎತ್ತಿ ನೋಡಿದ.

ಒಳಗೆ ಹೊಲಿಗೆ ಯಂತ್ರದ ಮುಂದೆ ಅವನ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡು ಕೂತಿರುತ್ತಿದ್ದಳು. ಗಿರಾಕಿಗಳು ಅವಳನ್ನು ಪರದೆ ಅಕ್ಕ ಎಂದು ಕರೆಯುತ್ತಿದ್ದರು. ಬೀದಿಯಲ್ಲಿ ಯಾರದಾದರೂ ತೋಳು ಎತ್ತಿ ಬಿಟ್ಟರೆ ಧೊಪ್ಪನೆ ಬೀಳುವುದಿದ್ದರೆ ಅದು ಈ ಅಕ್ಕನ ಎಡತೋಳೊಂದೇ. ಅದು ಅವಳಿಗೆ ಗೊತ್ತು, ಇನ್ಯಾರಿಗೂ ಗೊತ್ತಿಲ್ಲ. ಊರವರ ಭುಜವನ್ನೆಲ್ಲ ಎತ್ತಿ ಇಳಿಸಿದ ಯಜಮಾನ ಹೆಂಡತಿಯನ್ನು ಮಾತ್ರ ಒಂದು ಸಲವೂ ಹತ್ತಿರ ಕರೆಯಲಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವವರಿಗೆ ಏನು ಹೇಳೋಣ?

ಆದರೆ ಅವನು ಕರೆಯದೇ ಇದ್ದುದಕ್ಕೂ ಒಂದು ಕಾರಣವಿತ್ತು. ಅದು ಹುಟ್ಟಿದ್ದು ಮೂಳೆ ಡಾಕ್ಟರ ಕೋಣೆಯಲ್ಲಿ.

ಯಜಮಾನನ ನೋವು ಶುರುವಾದಾಗ ಅವನು ಮೊದಲು ದಿಂಬನ್ನು ಬೈದ, ಆಮೇಲೆ ತಣ್ಣನೆ ಗಾಳಿಯನ್ನು ಬೈದ. ಮುಲಾಮು ತಿಕ್ಕಿಸಿಕೊಂಡ. ಎಕ್ಸ್‌ರೇ ತೆಗೆಸಿದಾಗ ಮೂಳೆ ಚೆನ್ನಾಗಿದೆ ಎಂದರು. ಆ ಒಂದು ಮಾತನ್ನೇ ಸರ್ಟಿಫಿಕೇಟು ಮಾಡಿಕೊಂಡು ಇನ್ನೂ ಎಷ್ಟೋ ಗೋಡೆ ಕೊರೆದ. ಕೊನೆಗೊಂದು ದಿನ ಏಣಿಯ ಮೇಲೆ ನಿಂತಾಗ ಡ್ರಿಲ್ ಯಂತ್ರ ಎದೆಯ ಮಟ್ಟದಿಂದ ಮೇಲೇಳಲೇ ಇಲ್ಲ. ಆಮೇಲೆ ಮೂಳೆ ಡಾಕ್ಟರ ಹತ್ತಿರ ಹೋದದ್ದು, ತೋಳು ಎತ್ತಿಸಿಕೊಂಡು ಬೀಳಿಸಿಕೊಂಡದ್ದು, ಆ ಸ್ಕ್ಯಾನಿಂಗ್ ಯಂತ್ರದ ಕೊಳವೆಯಲ್ಲಿ ಅಲ್ಲಾಡದೆ ಮಲಗಿದ್ದು. ಹೊರಗೆ ಬಂದವನೇ, "ಜೀವ ಇರೋವಾಗಲೇ ಪೆಟ್ಟಿಗೆಗೆ ಹಾಕಿಬಿಟ್ರು ಕಣೇ," ಎಂದಿದ್ದ.

ಡಾಕ್ಟರು ಮಾತು ಕಡಿಮೆಯ ಮನುಷ್ಯ. "ಭುಜದ ಗುಂಡನ್ನ ನಾಲ್ಕು ಸ್ನಾಯುಗಳ ತುದಿ ಸೇರಿ ಒಂದು ಪಟ್ಟಿ ಥರ ಸುತ್ತಿ ಹಿಡಿದಿರುತ್ತೆ. ನಿಮ್ಮದು ಮೇಲಿನ ತುದಿ ಮೂಳೆಯಿಂದ ಕಿತ್ತು ಬಂದಿದೆ," ಎಂದರು.

"ಪರದೆಯ ತಲೆಪಟ್ಟಿ ಕೊಕ್ಕೆಯಿಂದ ಕಿತ್ತ ಹಾಗೆ," ಎಂದ ಯಜಮಾನ.

"ಹಾಗೇ. ಮೂಳೆಗೆ ಸಣ್ಣ ಮೊಳೆ ಕೂರಿಸಿ ದಾರದಿಂದ ಮತ್ತೆ ಬಿಗೀತೀನಿ, ಆಮೇಲೆ ಆರು ವಾರ ಕೈ ಕಟ್ಟಿಡಬೇಕು. ಆದರೆ ತಡ ಮಾಡಬಾರದು. ತಡವಾದ್ರೆ ಕಿತ್ತ ತುದಿ ಒಳಕ್ಕೆ ಸರಿದುಬಿಡುತ್ತೆ, ಸ್ನಾಯು ಸೊರಗಿ ಕೊಬ್ಬಾಗುತ್ತೆ. ಆಮೇಲೆ ಎಳೆದ್ರೂ ಬರಲ್ಲ. ಹೊಲಿಯೋಕೆ ಬಟ್ಟೇನೇ ಇರಲ್ಲ."

ಅಕ್ಕನ ಬಲಗೈ ತಾನಾಗಿ ಎಡಭುಜಕ್ಕೆ ಹೋಯಿತು. ಅಷ್ಟರಲ್ಲಿ ಡಾಕ್ಟರು ಅವಳ ಕಡೆ ತಿರುಗಿ, "ಅಮ್ಮ, ಸ್ವಲ್ಪ ಎದ್ದು ನಿಲ್ಲಿ. ಚೆನ್ನಾಗಿರೋ ಭುಜ ಹೇಗಿರುತ್ತೆ ಅಂತ ಇವರಿಗೆ ತೋರಿಸೋಣ," ಎಂದರು. ಅವಳು ಎದ್ದು ನಿಂತಳು. ಬಲಗೈ ಚಾಚಿದಳು. ಡಾಕ್ಟರು ಎತ್ತಿ ಬಿಟ್ಟರು, ತೋಳು ಹಗುರಾಗಿ ಇಳಿಯಿತು. "ನೋಡಿ, ಇದು ಭುಜ!" ಎಂದರು. ಯಜಮಾನನ ಮುಖ ಅರಳಿತು. ಆವತ್ತಿನಿಂದ ಅವನು ಬಂದವರಿಗೆಲ್ಲ ಹೇಳತೊಡಗಿದ: "ನನ್ನ ಹೆಂಡತಿ ಭುಜ ಡಾಕ್ಟರೇ ಹೊಗಳಿದ್ದಾರೆ." ಹೊಗಳಿಸಿಕೊಂಡ ಭುಜವನ್ನು ಮತ್ತೆ ಪರೀಕ್ಷೆ ಮಾಡುವವರು ಯಾರು?

ಅವಳು ಎಡಗೈ ಚಾಚಬಹುದಿತ್ತು. ಡಾಕ್ಟರೇ ನಂದೂ ಹೀಗೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಜಮಾನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದ. "ಆಪರೇಷನ್ ಎಲ್ಲ ಬೇಡ ಡಾಕ್ಟ್ರೇ. ಆರು ವಾರ ಕೈ ಕಟ್ಟಿ ಕೂರಿಸಿದ್ರೆ ಅಂಗಡಿ ಯಾರು ನೋಡ್ಕೋತಾರೆ? ನನ್ನನ್ನ ಯಾರು ನೋಡ್ಕೋತಾರೆ?"

ಡಾಕ್ಟರು ಅವಳನ್ನು ನೋಡಿದರು. ಯಜಮಾನನೂ ನೋಡಿದ. "ನಾನು ಇದ್ದೀನಲ್ಲ," ಎಂದಳು. ಎರಡೇ ಪದ. ಆಡಿದ ಮಾತು, ಒಡೆದ ಮುತ್ತು. ಆ ಎರಡು ಪದದೊಳಗೆ ಅವಳು ಹೊಕ್ಕಳು, ಹೊರಗೆ ಬರುವ ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು.

ಅವಳ ತೋಳು ಹರಿದ ಬಗೆಯನ್ನೂ ಹೇಳಿಬಿಡುತ್ತೇನೆ. ಮದುವೆಯಾದಂದಿನಿಂದ ಅವರಿಬ್ಬರ ಕೆಲಸ ಒಂದೇ ರೀತಿ. ಅವನು ಏಣಿಯ ಮೇಲೆ, ಅವಳು ಸ್ಟೂಲಿನ ಮೇಲೆ. ಅವನು ಗೋಡೆ ಕೊರೆದು ಸ್ಕ್ರೂ ಬಿಗಿಯುವ ತನಕ ಪರದೆಯ ಕಂಬಿಯನ್ನು ಅವಳು ತಲೆಯ ಮೇಲೆ ಎತ್ತಿ ಹಿಡಿದಿರಬೇಕು. ಬಲಗೈಯಲ್ಲಿ ಸ್ಕ್ರೂ ಕೊಡುತ್ತಿರಬೇಕಾದ್ದರಿಂದ ಕಂಬಿಯ ಭಾರವೆಲ್ಲ ಎಡಗೈಗೆ. "ಹಿಡ್ಕೋ. ಮೇಲೆ. ಇನ್ನೂ ಚೂರು ಮೇಲೆ. ಬಿಡಬೇಡ." ಗಂಡ ಹೆಂಡಿರ ನಡುವೆ ಬೇರೆ ಮಾತಿಗಿಂತ ಈ ಮಾತೇ ಹೆಚ್ಚು ಆಗಿದೆ ಎಂದರೂ ತಪ್ಪಿಲ್ಲ. ಹೋದ ವರ್ಷ ಒಂದು ದೊಡ್ಡ ಸಭಾಂಗಣದಲ್ಲಿ ಎತ್ತರದ ಕಿಟಕಿಗಳಿಗೆ ಪರದೆ ಕಟ್ಟುವಾಗ ಉದ್ದನೆಯ ಕಂಬಿ ಅವನ ಕೈತಪ್ಪಿ ಜಾರಿತು. ಅವಳು ಎಡಗೈಯಲ್ಲೇ ತಡೆದಳು. ಭುಜದೊಳಗೆ ಚಟ್ ಎಂದಿತು. ಒಳ್ಳೆ ಹೊಲಿಗೆಯ ದಾರವೊಂದು ಹರಿದರೆ ಆಗುವ ಸದ್ದು ಅದು, ಅವಳಿಗೆ ಗೊತ್ತಿದ್ದ ಸದ್ದು.

"ಬಿಟ್ಟೆಯಾ?" ಎಂದು ಮೇಲಿನಿಂದ ಕೂಗಿದ.

"ಇಲ್ಲ, ಹಿಡ್ಕೊಂಡಿದೀನಿ," ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡೇ ಕೊನೆಯ ಸ್ಕ್ರೂ ತನಕ ಹಿಡಿದಿದ್ದಳು.

ಆಮೇಲೆ ಬದುಕನ್ನೇ ಆ ತೋಳಿಗೆ ಅಳತೆ ಮಾಡಿ ಹೊಲಿದುಕೊಂಡಳು. ಮೇಲಿನ ಕಪಾಟಿನ ಡಬ್ಬಿಗಳೆಲ್ಲ "ಕಣ್ಣಿಗೆ ಹತ್ತಿರ ಇರಲಿ" ಎಂದು ಕೆಳಗಿಳಿದವು. ರವಿಕೆ ಹಾಕುವಾಗ ಎಡತೋಳು ಮೊದಲು, ತೆಗೆಯುವಾಗ ಕೊನೆಗೆ. ಕೂದಲು ಬಾಚುವಾಗ ಕೈ ತಲೆಗೆ ಹೋಗದಿದ್ದರೆ ತಲೆಯೇ ಬಗ್ಗಿ ಕೈಯ ಹತ್ತಿರ ಬರುತ್ತಿತ್ತು. ನಾಳೆ ಹೇಳೋಣ, ಈ ಕೆಲಸ ಮುಗಿಯಲಿ ಎಂದುಕೊಳ್ಳುವಷ್ಟರಲ್ಲಿ ಅವನ ಭುಜ ಕೂಗಿಕೊಂಡಿತು. ಅವನು ಕೂಗಿದರೆ ಬೀದಿಗೇ ಕೇಳುತ್ತದೆ. ಇನ್ನು ಅವಳ ನೋವಿಗೆ ಜಾಗವೆಲ್ಲಿ?

ಈಗ ಹೇಳಿದರೆ ಏನಾಗುತ್ತದೆಂದು ಅವಳಿಗೆ ಅಂಗೈ ಮೇಲಿನ ಗೆರೆಯಷ್ಟು ಸ್ಪಷ್ಟ. ಯಜಮಾನ ಆ ಕ್ಷಣವೇ, ಇನ್ನು ನೀನು ಕೂತಿರು ಎಂದು, ಕೈಗೆ ಕಟ್ಟಿದ ಪಟ್ಟಿ ಬಿಚ್ಚಿ ಎಸೆದು ಏಣಿ ಹತ್ತುತ್ತಾನೆ, ಬಿಗಿದ ದಾರ ಕಿತ್ತು ಬರುತ್ತದೆ, ಎರಡನೆಯ ಸಲ ಹೊಲಿಯುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿದೆ. ಹೇಳದೇ ಇದ್ದರೆ ಅವಳ ಭುಜದೊಳಗಿನ ತುದಿ ದಿನಕ್ಕಿಷ್ಟು ಒಳಕ್ಕೆ ಸರಿಯುತ್ತಾ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವನ ಭುಜ ಉಳಿದರೆ ತನ್ನದು ಹೋಗುತ್ತದೆ ಎಂದು ಗೊತ್ತಿದ್ದೇ ಅವಳು ದಿನಾ ಬೆಳಿಗ್ಗೆ ಅವನ ಪಟ್ಟಿಯ ಬಕಲ್ ಬಿಗಿಯುತ್ತಿದ್ದಳು. ಸಿಟ್ಟು ಬರುತ್ತಿರಲಿಲ್ಲವೇ ಎಂದರೆ ಬರುತ್ತಿತ್ತು. ಕೆಲವು ದಿನ ಬೆಳಿಗ್ಗೆ ಬಕಲ್ ಒಂದು ತೂತು ಹೆಚ್ಚೇ ಬಿಗಿಯಾಗುತ್ತಿತ್ತು.

ಹೇಗೋ ಕಾಲ ತಳ್ಳಬಹುದಿತ್ತೇನೋ, ವ್ಯಾಯಾಮ ಶುರುವಾಗದಿದ್ದರೆ.

ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ನಗುಮುಖದವಳು. ಯಜಮಾನನನ್ನು ಅಂಗಾತ ಮಲಗಿಸಿ, "ಅಂಕಲ್, ನೀವು ಏನೂ ಮಾಡಬಾರದು. ಕೈ ಸತ್ತ ಹಾಗೆ ಬಿದ್ದಿರಬೇಕು. ಎತ್ತೋದು ಆಂಟಿ," ಎಂದಳು. ಅಕ್ಕನ ಕಡೆ ತಿರುಗಿದಳು. "ಒಂದು ಕೈ ಮೊಣಕೈ ಕೆಳಗೆ, ಇನ್ನೊಂದು ಮಣಿಕಟ್ಟಿಗೆ. ದಿನಾ ಬೆಳಿಗ್ಗೆ ಸಂಜೆ. ನಿಧಾನಕ್ಕೆ ಎತ್ತಿ, ನಿಧಾನಕ್ಕೆ ಇಳಿಸಿ. ಮಧ್ಯದಲ್ಲಿ ಮಾತ್ರ ಬಿಟ್ಟುಬಿಡಬೇಡಿ ಆಂಟಿ. ಅಂಕಲ್ ಗಾಬರಿಯಲ್ಲಿ ಕೈ ಬಿಗಿ ಹಿಡೀತಾರೆ, ಹೊಲಿಗೆ ಕಿತ್ತುಕೊಳ್ಳುತ್ತೆ."

"ಅವಳು ಬಿಡೋಳಲ್ಲ," ಎಂದ ಯಜಮಾನ. "ಅವಳ ಭುಜ ಡಾಕ್ಟರೇ ಹೊಗಳಿದ್ದಾರೆ."

ಎದೆಯ ಮಟ್ಟದ ತನಕ ಎತ್ತುವಾಗ ಹೇಗೋ ನಡೆಯಿತು. ಭಾರವೆಲ್ಲ ಬಲಗೈಗೆ. ಎಡಗೈ ಅವನ ಮಣಿಕಟ್ಟಿನ ಮೇಲೆ ನೆಪಕ್ಕೆ ಕೂತಿರುತ್ತಿತ್ತು. ಗಂಡಸಿನ ತೋಳು ಎಷ್ಟು ಭಾರವೆಂದು ಸತ್ತ ಹಾಗೆ ಬಿದ್ದಾಗಲೇ ತಿಳಿಯುವುದು. ಅವನು ಕಣ್ಣು ಮುಚ್ಚಿಕೊಂಡು, "ಮೆಲ್ಲಗೆ ಕಣೇ, ಗೋಣಿಚೀಲ ಎತ್ತೋ ಹಾಗೆ ಎತ್ತೀಯಲ್ಲ," ಎಂದು ಗೊಣಗುತ್ತಿದ್ದ. ಅವಳು ಹಲ್ಲು ಕಚ್ಚಿ ಎತ್ತುತ್ತಿದ್ದಳು.

ಆಮೇಲೆ ಹುಡುಗಿ ಎತ್ತರ ಹೆಚ್ಚಿಸಿದಳು. ಇನ್ನು ಮೇಲೆ ತೋಳು ತಲೆಯ ಮೇಲಕ್ಕೆ, ಕಿವಿಯ ಪಕ್ಕದ ತನಕ ಹೋಗಬೇಕು. ಅಷ್ಟೆತ್ತರಕ್ಕೆ ಎಡಗೈಯೂ ನಿಜವಾಗಿ ದುಡಿಯಲೇಬೇಕು. ಮೊದಲ ಸಂಜೆಯೇ ಅರ್ಧದಾರಿಯಲ್ಲಿ ಎಡಗೈ ಸೋತಿತು. ಅವನ ಮಣಿಕಟ್ಟು ವಾಲುವಷ್ಟರಲ್ಲಿ ಅವಳು ಬಗ್ಗಿ ತನ್ನ ಹಣೆಯನ್ನೇ ಅದಕ್ಕೆ ಕೊಟ್ಟಳು.

"ಏನೇ ಅದು, ಬೆಚ್ಚಗೆ?" ಕಣ್ಣು ಮುಚ್ಚಿಕೊಂಡೇ ಕೇಳಿದ.

"ನನ್ನ ಹಣೆ. ಬಗ್ಗಿದ್ದೆ, ತಾಗ್ತು."

"ಜ್ವರ ಇದೆಯಾ ನಿಂಗೆ?"

"ಇಲ್ಲ ರೀ. ಸುಮ್ನೆ ಮಲಗಿ."

ಮಂಚದ ತಲೆದೆಸೆಯಲ್ಲಿ ಕಿಟಕಿ, ಕಿಟಕಿಯ ಮೇಲೆ ಕಂಬಿ, ಅವರಿಬ್ಬರೇ ಕೂರಿಸಿದ್ದು. ಮಾರನೆಯ ದಿನ ಅಂಗಡಿಯಿಂದ ಪರದೆ ಎಳೆಯುವ ಹುರಿ, ಒಂದು ಸಣ್ಣ ರಾಟೆ, ದಪ್ಪನೆಯ ಅಸ್ತರು ಬಟ್ಟೆಯ ತುಂಡು ತಂದಳು. ತುಂಡನ್ನು ಅವನ ಮುಂಗೈ ಕೆಳಗೆ ತೊಟ್ಟಿಲ ಹಾಗೆ ಕೊಟ್ಟು, ಹುರಿಯನ್ನು ಕಂಬಿಗೆ ಕಟ್ಟಿದ ರಾಟೆಯ ಮೇಲೆ ಹಾಯಿಸಿ, ಬಲಗೈಯೊಂದರಿಂದಲೇ ಎಳೆದಳು. ತೋಳು ಪರದೆ ಸರಿದ ಹಾಗೆ ಸಲೀಸಾಗಿ ಮೇಲೆದ್ದಿತು. "ಹುಡುಗಿ ಹೇಳಿಕೊಟ್ಲಾ ಇದು?" ಎಂದು ಯಜಮಾನ ಕೇಳಿದ. ಹೂಂ ಎಂದಳು. ಸುಳ್ಳು ಎಷ್ಟು ಸಣ್ಣದು! ಎಷ್ಟೋ ವಾರದ ಮೇಲೆ ಅವಳು ಪೂರ್ತಿ ಉಸಿರು ಬಿಟ್ಟಳು. ಸಿಕ್ಕಿಬಿದ್ದ ಕೋಣೆಗೆ ಕಿಟಕಿಯೊಂದು ತೆರೆದ ಹಾಗಾಯಿತು, ಅವನ ಹೊಲಿಗೆ ಗಟ್ಟಿಯಾಗುವ ತನಕ ಹೀಗೇ ದಾಟಿಬಿಡುತ್ತೇನೆ ಎಂದುಕೊಂಡಳು.

ಪರದೆಯ ಕಂಬಿ ಹೊರುವುದು ಪರದೆಯನ್ನು, ಗಂಡಸಿನ ತೋಳನ್ನಲ್ಲ. ಇದು ಪರದೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರ್ನಾಲ್ಕು ದಿನ ಕಳೆದ ಮೇಲೆ ದಿಂಬಿನ ಮೇಲೆ ಬಿಳಿ ಪುಡಿ ಕಂಡಿತು. ಗೋಡೆಯ ತೂತಿನಿಂದ ಸ್ಕ್ರೂ ಸಡಿಲವಾಗುವಾಗ ಉದುರುವ ಪುಡಿ. ಬೇರೆಯವರ ಮನೆಯಲ್ಲಾಗಿದ್ದರೆ ನೋಡಿದ ಕೂಡಲೇ ಕಂಬಿ ಇಳಿಸಿ ಎನ್ನುತ್ತಿದ್ದಳು. ಇಲ್ಲಿ ಕೈಯಿಂದ ಒರೆಸಿ ಕೊಡವಿದಳು. ಮರುದಿನವೂ ಕೊಡವಿದಳು. ಕಂಬಿ ಇಳಿಸಿದರೆ ಮತ್ತೆ ಎಡಗೈ ಎತ್ತಬೇಕಲ್ಲ!

ಅದರ ಮಾರನೆಯ ಬೆಳಿಗ್ಗೆ ತೋಳು ಕಿವಿಯ ಹತ್ತಿರ ಹೋಗಿತ್ತು, ಇಳಿಸುವುದಷ್ಟೇ ಬಾಕಿ. ಮೇಲೆ ಕರಕ್ ಎಂದಿತು. ಕಂಬಿಯ ಒಂದು ತುದಿ ಗಾರೆಯ ಸಮೇತ ಕಿತ್ತು ಬಂತು, ಹುರಿ ಸಡಿಲಾಯಿತು, ಅವನ ತೋಳು ಬೀಳತೊಡಗಿತು. ಅವಳು ಯೋಚನೆ ಮಾಡಲಿಲ್ಲ. ಇಡೀ ಮೈಯನ್ನು ಅದರ ಕೆಳಗೆ ತೂರಿಸಿದಳು. ಅವನ ತೋಳು ಬಂದು ಬಿದ್ದದ್ದು ಅವಳ ಎಡಭುಜದ ಮೇಲೆ. ಯಜಮಾನ ಅಯ್ಯಯ್ಯೋ ಎಂದು ಚೀರಿದ. ಕಣ್ಣು ಕತ್ತಲಿಟ್ಟರೂ ಅವಳು ಚೀರಲಿಲ್ಲ. ಅವನ ತೋಳನ್ನು ಹಾಗೇ ಹೊತ್ತು, ಬಲಗೈಯಿಂದ ಮೆಲ್ಲಗೆ ಹೊಟ್ಟೆಯ ಮೇಲಿಳಿಸಿ, ಪಟ್ಟಿ ಕಟ್ಟಿದಳು.

ಯಜಮಾನ ಕಣ್ಣು ಬಿಟ್ಟು ನೋಡಿದ. ಜೋತ ಕಂಬಿ, ರಾಟೆ, ಹುರಿ. "ಇದು ಹುಡುಗಿ ಹೇಳಿಕೊಟ್ಟಿದ್ದಲ್ಲ."

"ಅಲ್ಲ."

"ಎರಡು ಕೈ ಗಟ್ಟಿ ಇಟ್ಕೊಂಡು ಹಗ್ಗ ಯಾಕೆ ಕಟ್ಟಿದೆ? ನನ್ನ ಒಂದು ಕೈ ಎತ್ತೋದೂ ಬೇಜಾರಾಗಿಹೋಯ್ತಾ ನಿಂಗೆ?"

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಹೊಲಿಗೆ ಉಳಿದಿದೆಯೋ ಕಿತ್ತಿದೆಯೋ ಗೊತ್ತಿಲ್ಲದಾಗ ಈ ಸುದ್ದಿಯನ್ನೂ ಅವನ ತಲೆಯ ಮೇಲೆ ಹಾಕಲೇ? ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪವನ್ನು ಅವಳು ಮತ್ತೆ ನುಂಗಿದಳು. "ಹೌದು, ಬೇಜಾರಾಗಿತ್ತು," ಎಂದಳು.

ಆಸ್ಪತ್ರೆಯ ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಗಾಡಿಯ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತ ಅವನ ಕುತ್ತಿಗೆಯನ್ನೇ ನೋಡುತ್ತಾ, ಹೊಲಿಗೆ ಕಿತ್ತಿದ್ದರೆ ಈ ಕುತ್ತಿಗೆ ಜೀವನಪೂರ್ತಿ ಹೀಗೇ ತಿರುಗಿರುತ್ತದೆ ಎಂದುಕೊಂಡಳು.

ಡಾಕ್ಟರು ಭುಜದ ಮೇಲೆ ಅಲ್ಟ್ರಾಸೌಂಡ್ ಯಂತ್ರದ ಹಿಡಿ ಆಡಿಸಿ, ಅದರ ಸ್ಕ್ರೀನ್ ಮೇಲಿನ ಬೂದು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಉಳಿದಿದೆ," ಎಂದರು. "ಹೊಲಿಗೆ ಕೂತ ಹಾಗೇ ಕೂತಿದೆ. ಏನೋ ಅಡ್ಡ ಬಂದು ತಡೆದಿದೆ, ಅದೃಷ್ಟ ನಿಮ್ಮದು." ಅಕ್ಕ ಗೋಡೆಗೆ ಒರಗಿದಳು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಗ್ಗದ ಸುದ್ದಿ ಕೇಳಿದ್ದ ಫಿಸಿಯೋ ಹುಡುಗಿ ಒಳಗೆ ಬಂದಳು. "ಆಂಟಿ, ಹಗ್ಗ ಎಲ್ಲ ಬೇಡ. ಎರಡೂ ಕೈಯಲ್ಲಿ ಹೇಗೆ ಎತ್ತಬೇಕು ಅಂತ ಒಂದ್ಸಲ ನನ್ನ ಮುಂದೆ ತೋರಿಸಿಬಿಡಿ."

ಯಜಮಾನ ಮಂಚದ ಮೇಲೆ ಮಲಗಿದ. ಈ ಸಲ ಅವನು ಕಣ್ಣು ಮುಚ್ಚಲಿಲ್ಲ. ಮತ್ತೆ ಬಿಟ್ಟುಬಿಟ್ಟಾಳೆಂಬ ಅನುಮಾನ.

ಅವಳು ಬಲಗೈಯನ್ನು ಅವನ ಮೊಣಕೈ ಕೆಳಗಿಟ್ಟಳು. ಎಡಗೈಯನ್ನು ಮಣಿಕಟ್ಟಿನ ಕಡೆ ಎತ್ತಿದಳು. ಕೈಗಿಂತ ಮೊದಲು ಭುಜ ಮೇಲೆದ್ದು ಕಿವಿಯ ಹತ್ತಿರ ಹೋಯಿತು. ಮೈ ಒಂದು ಕಡೆಗೆ ವಾಲಿತು. ಮಲಗಿದಲ್ಲಿಂದ ಯಜಮಾನ ಅದನ್ನು ನೋಡಿದ. ಬೀಗದವನಿಗೆ, ಮೇಷ್ಟ್ರಿಗೆ, ಅಂಚೆಯವಳಿಗೆ ದಿನಾ ಹೇಳುತ್ತಿದ್ದ ಗುರುತು.

"ನಿಲ್ಲಿಸು," ಎಂದ.

"ಇಲ್ಲ ರೀ, ಎತ್ತೀನಿ, ಈ ಸಲ ಸರಿಯಾಗಿ..."

"ನಿಲ್ಲಿಸು ಅಂದೆ." ಅವನು ಎದ್ದು ಕಾಲು ಇಳಿಬಿಟ್ಟು ಕೂತ. ಎಡಗೈ ಚಾಚಿ ಅವಳ ಎಡ ಮಣಿಕಟ್ಟು ಹಿಡಿದ. ಅವಳು ಎಳೆದುಕೊಳ್ಳಲು ನೋಡಿದಳು, ಎಳೆದುಕೊಳ್ಳುವ ಬಲ ಆ ತೋಳಿನಲ್ಲಿರಲಿಲ್ಲ. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದ. ಅಷ್ಟೊಂದು ತೋಳು ಎತ್ತಿದ್ದ, ಇಷ್ಟು ಭಾರದ್ದು ಯಾವುದೂ ಇರಲಿಲ್ಲ.

ಡಾಕ್ಟರು ಹತ್ತಿರ ಬಂದರು. ಅವರಿಗೂ ಅರ್ಥವಾಗಿತ್ತು. "ಈಗ ಬಿಡಿ, ನೋಡೋಣ," ಎಂದರು.

ಯಜಮಾನ ಬಿಡಲಿಲ್ಲ.

"ಬಿಡಿ ಯಜಮಾನ್ರೇ. ಬಿಡದೆ ಹೇಗೆ ಗೊತ್ತಾಗಬೇಕು?"

"ಗೊತ್ತಾಯ್ತು ಡಾಕ್ಟ್ರೇ. ಬೀಳುತ್ತೆ." ಹೆಂಡತಿಯ ಕಡೆ ತಿರುಗಿದ. "ಯಾವಾಗಿಂದ?"

"ಹೋದ ವರ್ಷ, ಆ ಸಭಾಂಗಣದ ಉದ್ದ ಕಂಬಿ," ಎಂದಳು.

ಅವನಿಗೆ ನೆನಪಾಯಿತು. ಏಣಿಯ ಮೇಲಿನಿಂದ ತಾನು ಕೂಗಿದ್ದು, ಕೆಳಗಿನಿಂದ ಅವಳು ಹೇಳಿದ್ದು.

"ವರ್ಷ ಆಯ್ತಾ?" ಎಂದರು ಡಾಕ್ಟರು. "ಇವತ್ತೇ ಸ್ಕ್ಯಾನ್ ಮಾಡಿಸೋಣ. ಹೊಲಿಯೋಕೆ ಏನಾದ್ರೂ ಉಳಿದಿದೆಯೋ ಇಲ್ವೋ, ನೋಡದೆ ಹೇಳೋಕಾಗಲ್ಲ. ಉಳಿದಿಲ್ಲದಿದ್ರೆ ಇರೋ ಸ್ನಾಯುಗಳನ್ನೇ ವ್ಯಾಯಾಮದಿಂದ ಗಟ್ಟಿ ಮಾಡ್ಕೊಂಡು ಹೋಗಬೇಕು." ಚೀಟಿ ಬರೆಯಲು ಮೇಜಿನ ಕಡೆ ಹೋದರು. ಹುಡುಗಿಯೂ ಅವರ ಹಿಂದೆ ಹೋದಳು.

ಯಜಮಾನನ ಬಲಗೈ ಪಟ್ಟಿಯೊಳಗೆ. ಇದ್ದ ಒಂದೇ ಕೈಯಲ್ಲಿ ಅವಳ ತೋಳು. "ಇಳಿಸ್ಲಾ?" ಎಂದು ಕೇಳಿದ.

ಆ ತೋಳು ನೋವಿಲ್ಲದೆ ಅಷ್ಟು ಎತ್ತರದಲ್ಲಿ ನಿಂತು ಎಷ್ಟು ಕಾಲವಾಗಿತ್ತೋ. ಅವಳು ಅಳುತ್ತಿದ್ದಳು, ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ. "ಇನ್ನೂ ಚೂರು ಹೊತ್ತು ಹಿಡ್ಕೊಳ್ಳಿ," ಎಂದಳು. "ಬಿಡಬೇಡಿ."

"ಇಲ್ಲ," ಎಂದ ಅವನು. "ಹಿಡ್ಕೊಂಡಿದೀನಿ."